ಆ ಕಾಲು ಗಂಟೆ

ಲೆಕ್ಕದಲ್ಲಿ ನಾನು ಗಟ್ಟಿ. ಈ ವಿಷಯ ನನಗೊಬ್ಬನಿಗೆ ಮಾತ್ರ ಗೊತ್ತಿದೆ.

ದೆಹಲಿಯಿಂದ ಕಾಠ್ಮಂಡುವಿಗೆ ಹೊರಟಾಗ ಹೆಂಡತಿ, "ಎಷ್ಟು ಹೊತ್ತಾಗುತ್ತೆ ರೀ?" ಅಂದಳು. "ನೆಟ್ಟಗೆ ಹೋದರೆ ಸುಮಾರು 800 ಕಿಲೋಮೀಟರ್. ವಿಮಾನ ಗಂಟೆಗೆ 800 ಓಡುತ್ತೆ. ಒಂದೇ ಗಂಟೆ!" ಅಂದೆ. ಅವಳು ಟಿಕೆಟ್ ಮುಂದೆ ಹಿಡಿದಳು. ಹೊರಡುವುದು 12.30ಕ್ಕೆ, ಮುಟ್ಟುವುದು 2.30ಕ್ಕೆ. ವಾಪಸ್ ಟಿಕೆಟ್ ನೋಡಿದರೆ ಅಲ್ಲಿ ಒಂದೂವರೆ ಗಂಟೆ! ನಾನು ಸೋಲುತ್ತೇನಾ? "ಹೋಗ್ತಾ ಹಿಮಾಲಯದ ಏರು, ಬರ್ತಾ ಇಳಿಜಾರು" ಅಂದೆ.

"ವಿಮಾನಕ್ಕೂ ಘಾಟಿ ಇರುತ್ತಾ?" ಅಂದಳು. ನನಗೆ ಕೇಳಿಸಲಿಲ್ಲ.

ವಿಮಾನದಲ್ಲಿ ಬಲಗಡೆ ಕಿಟಕಿ ಹಿಡಿದೆ. ಕೆಳಗೆ ಬರೀ ಮಬ್ಬು ಬಯಲು. ಎಡಗಡೆಯವರು ಮಾತ್ರ ಕಿಟಕಿಗೆ ಮೂಗು ಒತ್ತಿ, ಸಾಲು ಸಾಲು ಹಿಮದ ಬೆಟ್ಟಗಳ ಫೋಟೋ ಹೊಡೆಯುತ್ತಿದ್ದರು. ಪೂರ್ವಕ್ಕೆ ಹೋಗುವಾಗ ಉತ್ತರ ಎಡಗಡೆ ಅಲ್ವಾ! ಹೊಳೆಯುವಷ್ಟರಲ್ಲಿ ವಿಮಾನ ಗಿರಕಿ ಹೊಡೆಯಲು ಶುರು ಮಾಡಿತ್ತು. ತ್ರಿಭುವನ ನಿಲ್ದಾಣಕ್ಕೆ ಇರುವುದೇ ಒಂದು ರನ್‌ವೇ. ಮುಂದಿನವರು ಇಳಿಯುವ ತನಕ ಹಿಂದಿನವರು ಮೇಲೇ ಸುತ್ತಬೇಕು. ಪಶುಪತಿನಾಥನ ದರ್ಶನಕ್ಕೆ ಮೊದಲೇ ನಮ್ಮ ಪ್ರದಕ್ಷಿಣೆ ಮುಗಿಯಿತು.

ಹೋಟೆಲ್ ರೂಮಿನ ಗೋಡೆ ಗಡಿಯಾರ ಕಾಲು ಗಂಟೆ ಮುಂದಿತ್ತು. ನನ್ನ ವಾಚು ನೋಡಿದೆ. ಫೋನ್ ನೋಡಿದೆ. ರೋಮಿಂಗ್ ಹಾಕಿಸದ ಆ ಬಡಪಾಯಿ ಇನ್ನೂ ಭಾರತದಲ್ಲೇ ಇತ್ತು. ಎರಡು ಸಾಕ್ಷಿ ಸಿಕ್ಕ ಮೇಲೆ ಇನ್ನೇನು? ಕುರ್ಚಿ ಹತ್ತಿ ಮುಳ್ಳನ್ನು ಹದಿನೈದು ನಿಮಿಷ ಹಿಂದಕ್ಕೆ ತಿರುಗಿಸಿದೆ. ಇಂಥ ರಿಪೇರಿಗೆ ಯಾರೂ ದುಡ್ಡು ಕೊಡುವುದಿಲ್ಲ, ನಾನೂ ಕೇಳುವುದಿಲ್ಲ.

ಹೊರಡುವ ದಿನ ಟ್ಯಾಕ್ಸಿಗೆ ಹತ್ತು ಗಂಟೆಗೆ ಬರಲು ಹೇಳಿದ್ದೆವು. ನನ್ನ ಒಂಬತ್ತೂ ಮುಕ್ಕಾಲಿಗೆ, ಮೈತುಂಬ ಸೋಪು ಹಚ್ಚಿಕೊಂಡು ನಿಂತಿದ್ದಾಗ, ಕೆಳಗೆ ಹಾರ್ನ್ ಶುರುವಾಯಿತು. "ಇಷ್ಟು ಬೇಗ ಬಂದ್ರೆ ಹೆಂಗೆ? ಕಾಯಲಿ ಬಿಡು" ಅಂತ ಒಳಗಿಂದಲೇ ಕೂಗಿದೆ. ಹಾರ್ನ್ ಕಾಯಲಿಲ್ಲ. ಕೊನೆಗೆ ರೂಮ್ ಬಾಯ್ ಮೇಲೆ ಬಂದ. ಗೋಡೆ ನೋಡಿದ, ಟವೆಲ್ ಸುತ್ತಿಕೊಂಡಿದ್ದ ನನ್ನನ್ನು ನೋಡಿದ. ಒಂದು ಮಾತೂ ಆಡದೆ ಅದೇ ಕುರ್ಚಿ ಹತ್ತಿ ಮುಳ್ಳು ಮುಂದಕ್ಕೆ ತಿರುಗಿಸಿದ. ಕೈ ಪಳಗಿದ್ದು ನೋಡಿದರೆ ಅವನಿಗೆ ಇದು ದಿನದ ಕೆಲಸ ಅನಿಸಿತು.

ನೇಪಾಳದ ಸಮಯ ಗ್ರೀನಿಚ್‌ಗಿಂತ 5 ಗಂಟೆ 45 ನಿಮಿಷ ಮುಂದೆ. ನಮ್ಮದು ಐದೂವರೆ ಗಂಟೆ. 1986ರಿಂದ ಅವರು ಗೌರಿಶಂಕರ ಶಿಖರದ ಲೆಕ್ಕದಲ್ಲಿ ಗಡಿಯಾರ ಇಟ್ಟುಕೊಂಡಿದ್ದಾರೆ. ಟಿಕೆಟ್‌ನಲ್ಲಿ ಆಯಾ ಊರಿನ ಸಮಯ ಬರೆದಿರುತ್ತಾರೆ. ಹೋಗುವುದೂ ಒಂದೂ ಮುಕ್ಕಾಲು ಗಂಟೆ, ಬರುವುದೂ ಅಷ್ಟೇ. ಒಂದು ಶಿಖರದ ಜೊತೆ ಜಗಳಕ್ಕೆ ನಿಂತಿದ್ದೆ, ಅದೂ ಸೋಪು ಹಚ್ಚಿಕೊಂಡು.

ಅಂತೂ ವಿಮಾನ ಸಿಕ್ಕಿತು. ಈ ಸಲ ಪಾಠ ಕಲಿತಿದ್ದೆ. ಹಟ ಮಾಡಿ ಇಬ್ಬರಿಗೂ ಎಡಗಡೆ ಸೀಟು ಹಾಕಿಸಿದ್ದೆ. ಹತ್ತು ನಿಮಿಷ ಆಗಿರಬೇಕು, ಬಲಗಡೆಯವರೆಲ್ಲ ಒಬ್ಬೊಬ್ಬರಾಗಿ ಫೋನ್ ತೆಗೆದರು. ನನ್ನ ಕಿಟಕಿಯಲ್ಲಿ ಮತ್ತದೇ ಮಬ್ಬು ಬಯಲು.

ಹೆಂಡತಿ ಬೆಲ್ಟ್ ಬಿಚ್ಚಿದಳು. ಬಲಗಡೆ ಒಂದು ಸೀಟು ಖಾಲಿ ಇತ್ತು.

"ಇಳಿಜಾರು ಮುಗಿದ ಮೇಲೆ ಕರೀರಿ" ಅಂತ ಹೇಳಿ ಎದ್ದು ಹೋದಳು.