ಪಾರ್ಸಲ್ ಪದವಿ

ಕಳೆದ ವಾರ ಬಂದ ಆ ನೇಮಕಾತಿ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಎಂ.ಕಾಂ. ಆಗಿರಬೇಕು, ಅನುಭವ ಇರಬೇಕು, ಕೊನೆಗೆ ಇರುವೆಗಾತ್ರದ ಅಕ್ಷರದಲ್ಲಿ 'ರೆಗ್ಯುಲರ್ ಆಗಿ ಓದಿದವರು ಮಾತ್ರ'. ಆನ್‌ಲೈನ್ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಯೂ ಸಮ ಎಂದು ವಿಶ್ವವಿದ್ಯಾಲಯಗಳಿಗೆ ನಿಯಮ ಹಾಕುವ ಯುಜಿಸಿ 2022ರ ಸೆಪ್ಟೆಂಬರಿನಲ್ಲಿಯೇ ಹೇಳಿದೆಯಲ್ಲ ಎನ್ನುತ್ತೀರಾ? ಹೇಳಿದೆ. ನಮ್ಮ ದಾವಣಗೆರೆಯಲ್ಲಿ ಪಾರ್ಸಲ್ ಬೆಣ್ಣೆದೋಸೆಯೂ ಹೋಟೆಲಿನಲ್ಲಿ ಕುಳಿತು ತಿಂದ ಬೆಣ್ಣೆದೋಸೆಯೂ ಸಮವೇ. ಅದೇ ಹಿಟ್ಟು, ಅದೇ ಬೆಣ್ಣೆ, ಅದೇ ಪಲ್ಯ. ಆದರೂ ಬೆಂಗಳೂರಿನಿಂದ ಬಂದ ಬೀಗರ ಮುಂದೆ ಪಾರ್ಸಲ್ ಬಿಚ್ಚಿಟ್ಟು ನೋಡಿ. ಮೆತ್ತಗಾದ ದೋಸೆಯನ್ನು ಅವರು ಎರಡು ಬೆರಳಲ್ಲಿ ಎತ್ತಿ ಹಿಡಿಯುವ ರೀತಿಯಲ್ಲೇ ಮದುವೆ ಮಾತುಕತೆ ಅರ್ಧ ಮುರಿದಿರುತ್ತದೆ.

ನಾನು ಪಾರ್ಸಲ್ ಪಂಗಡದವನು. ಹಗಲು ಎಪಿಎಂಸಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾ, ರಾತ್ರಿ ಆನ್‌ಲೈನಿನಲ್ಲಿ ಎಂ.ಕಾಂ. ಓದಿದೆ. ಲೆಕ್ಕದವನಾದ್ದರಿಂದ ಇದನ್ನೂ ಕೂಡಿಸಿ ನೋಡಿದೆ: ಓದನ್ನು ಅಳೆಯುವ ಮಾಪ ಕ್ರೆಡಿಟ್; ಒಂದು ಕ್ರೆಡಿಟ್‌ಗೆ 30 ಗಂಟೆಯ ಕಲಿಕೆ, ಇಡೀ ಪದವಿಯ 80 ಕ್ರೆಡಿಟ್‌ಗೆ 2400 ಗಂಟೆ. ಎರಡು ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂರೂಕಾಲು ಗಂಟೆ. ಅದೂ ಭಾನುವಾರ, ಯುಗಾದಿ, ತಂಗಿಯ ಸೀಮಂತ ಎಲ್ಲವನ್ನೂ ಸೇರಿಸಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ನಾನು ಊಟ ಮಾಡುವುದೇ ಮೂರು ಗಂಟೆಗೆ. ಹಾಗಾಗಿ ಉಪನ್ಯಾಸದ ವಿಡಿಯೊವನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಒಂದು ಕಿವಿಯನ್ನು ಮೇಷ್ಟರಿಗೂ ಇನ್ನೊಂದನ್ನು ಹಮಾಲರಿಗೂ ಕೊಟ್ಟಿದ್ದೇನೆ. ಬಂಡವಾಳ ರಚನೆಯ ಸಿದ್ಧಾಂತ ಇವತ್ತಿಗೂ ನನಗೆ 'ಐವತ್ತೆರಡು ಚೀಲ, ಐವತ್ಮೂರು ಚೀಲ' ಎಂಬ ಹಿನ್ನೆಲೆಯಲ್ಲಿಯೇ ನೆನಪಾಗುತ್ತದೆ.

ಇದು ಸಾಲದೆಂದು ಅದೇ 2022ರಲ್ಲಿ ಯುಜಿಸಿಯವರು ಏಕಕಾಲಕ್ಕೆ ಎರಡು ಪದವಿ ಮಾಡಲೂ ಅನುಮತಿ ಕೊಟ್ಟರು. ಎಂಥ ಔದಾರ್ಯ! ಒಂದೇ ರೊಟ್ಟಿ ಅಗಿಯಲು ಪುರುಸೊತ್ತಿಲ್ಲದವನ ತಟ್ಟೆಗೆ ಇನ್ನೊಂದು ರೊಟ್ಟಿ.

ಪರೀಕ್ಷೆಯ ಕಥೆ ಬೇರೆ. ಮನೆಯಲ್ಲೇ, ಕ್ಯಾಮೆರಾದ ಎದುರು. ಮೊದಲು ಕೋಣೆಯನ್ನು ಸುತ್ತಲೂ ತೋರಿಸಬೇಕು. ತೋರಿಸಿದೆ. ಮಂಚದ ಕೆಳಗೂ ತೋರಿಸಿ ಎಂದರು ಪರದೆಯಾಚೆಯ ಮೇಲ್ವಿಚಾರಕರು. ಅಲ್ಲಿ ಈರುಳ್ಳಿ ಚೀಲ, ಮಂಡಕ್ಕಿ ಡಬ್ಬಿ, ಮೂರು ವರ್ಷದಿಂದ ಹುಡುಕುತ್ತಿದ್ದ ಒಂದು ಚಪ್ಪಲಿ. ಕಾಪಿ ಚೀಟಿ ಸಿಗಲಿಲ್ಲ, ಚಪ್ಪಲಿ ಸಿಕ್ಕಿತು. ಅಷ್ಟರಮಟ್ಟಿಗೆ ತಂತ್ರಜ್ಞಾನಕ್ಕೆ ನಾನು ಋಣಿ. ಪರೀಕ್ಷೆ ಶುರುವಾಗಿ ಹತ್ತು ನಿಮಿಷಕ್ಕೆ ಅವ್ವ ಮೆಲ್ಲಗೆ ಬಾಗಿಲು ತಳ್ಳಿ ಬಂದು ಹಣೆಗೆ ವಿಭೂತಿ ಹಚ್ಚಿದಳು. ಪರದೆಯ ಮೇಲೆ ಕೆಂಪಕ್ಷರ: 'ಕೋಣೆಯಲ್ಲಿ ಎರಡನೆಯ ವ್ಯಕ್ತಿ.' ಏಳನೇ ಪ್ರಶ್ನೆಗೆ ಉತ್ತರ ಹೊಳೆಯದೆ ತಲೆಯೆತ್ತಿ ಸೂರು ನೋಡಿದೆ. ಎರಡನೇ ಎಚ್ಚರಿಕೆ: 'ದೃಷ್ಟಿ ಪರದೆಯಿಂದ ಹೊರಗೆ.' ಸೂರು ನೋಡದೆ ಯೋಚಿಸಿದ ವಿದ್ಯಾರ್ಥಿ ಭೂಮಿಯ ಮೇಲೆ ಎಲ್ಲಾದರೂ ಹುಟ್ಟಿದ್ದಾನೆಯೇ? ಅಷ್ಟರಲ್ಲಿ ಕುಕ್ಕರ್ ಕೂಗಿತು. ಮೂರನೆಯದು. ನಾಲ್ಕಾದರೆ ಪರೀಕ್ಷೆ ರದ್ದು. ಉಳಿದ ಒಂದೂವರೆ ಗಂಟೆ ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗಿಳಿದರೂ ರೆಪ್ಪೆ ಮಿಟುಕಿಸದೆ ಕುಳಿತಿದ್ದೆ. ಕಾಲೇಜಿನ ಪರೀಕ್ಷಾ ಕೊಠಡಿಯಲ್ಲಿ ಮೇಷ್ಟರು ಕಿಟಕಿಯ ಬಳಿ ನಿಂತು ಪೇಪರ್ ಓದುತ್ತಿದ್ದುದನ್ನು ಕಂಡವನು ನಾನು. ಆ ಪದವಿ ಅಸಲಿ, ಇದು ಅನುಮಾನದ್ದು.

ನಗುವುದಕ್ಕೂ ಬೇಸರವಾಗಿದೆ. ಈ ಆನ್‌ಲೈನ್ ಪದವಿ ಬೇಡವೆಂದರೆ ಶುಲ್ಕ ಕಟ್ಟಿಸಿಕೊಳ್ಳುವಾಗಲೇ ಹೇಳಿ. ಕಾಲೇಜಿಗೆ ಹೋಗುವ ಅನುಕೂಲವಿದ್ದವನು ಹೋಗುತ್ತಿದ್ದ. ಇಲ್ಲದವನು ನಿದ್ದೆ ಮಾರಿ ಓದಿದ. ಅವನ ಅಂಕ ನೋಡಿ, ಎದುರಿಗೆ ಕೂರಿಸಿ ಎರಡು ಪ್ರಶ್ನೆ ಕೇಳಿ, ದಡ್ಡನಾದರೆ ಕಳಿಸಿ. ಅದು ಬಿಟ್ಟು ಯಾವ ಬೆಂಚಿನ ಮೇಲೆ ಕುಳಿತಿದ್ದೆ ಎಂದು ಕೇಳುವುದು ಯಾವ ಸೀಮೆಯ ನ್ಯಾಯ?

ಆದರೂ ಅರ್ಜಿ ಹಾಕಿದ್ದೆ. ಫೋನಿನಲ್ಲಿ ಒಬ್ಬರು ಬಹಳ ವಿನಯದಿಂದ, "ಸರ್, ಹಾಜರಾತಿ ಪ್ರಮಾಣಪತ್ರ ಇದೆಯೇ?" ಎಂದು ಕೇಳಿದರು. ಮಂಡಿಯ ಹಾಜರಿ ಪುಸ್ತಕ ಇದೆ ಎಂದೆ. ಫೋನ್ ಇಟ್ಟರು.

ಫಲಿತಾಂಶದ ದಿನ ಸಾಹುಕಾರರಿಗೆ ಪೇಡಾ ಕೊಟ್ಟೆ. ಬಾಯಿಗೆ ಹಾಕಿಕೊಂಡು, "ಓದು ಮುಗಿಯಿತಲ್ಲ, ಇನ್ನು ಮೇಲೆ ರಾತ್ರಿ ಎಂಟರವರೆಗೆ ಇರಬಹುದಲ್ಲಪ್ಪ?" ಎಂದರು.