ಹತ್ತಕ್ಕೆ ಹತ್ತು ಕೊಟ್ಬಿಡಿ ಸರ್

ಕಾರಿನ ಶೋರೂಮಿನಲ್ಲಿ ಆನ್-ರೋಡ್ ಬೆಲೆ ಅಂತ ಒಂದು ಚೀಟಿ ಕೊಡುತ್ತಾರಲ್ಲ, ಅದನ್ನು ನಿಧಾನಕ್ಕೆ ಓದಬೇಕು. ಹತ್ತು ಲಕ್ಷ ದಾಟಿ ಇಪ್ಪತ್ತು ಲಕ್ಷದೊಳಗಿರುವ ಪೆಟ್ರೋಲ್ ಗಾಡಿಗೆ ನಮ್ಮ ರಾಜ್ಯ ಸರ್ಕಾರ 17 ಪರ್ಸೆಂಟ್ ರೋಡ್ ಟ್ಯಾಕ್ಸ್ ಹಾಕುತ್ತದೆ, ಮೇಲೆ ಸೆಸ್ ಬೇರೆ. ಅದು ಬಿಡಿ, ಹಾಡಹಗಲೇ ಕೇಳಿ ತಗೊಳ್ಳುತ್ತಾರೆ. ಅದರ ಕೆಳಗೆ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು ಸಾಲು ಇರುತ್ತದೆ. ಅದು ಯಾತಕ್ಕೆ ಅಂತ ಚೀಟಿ ಬರೆದ ಹುಡುಗನಿಗೂ ಗೊತ್ತಿಲ್ಲ. "ಎಲ್ಲ ಕಡೆ ಇದೆ ಸರ್" ಅನ್ನುವುದೇ ಉತ್ತರ.

ಇನ್ಶೂರೆನ್ಸ್ ಹೊರಗೆ ಮಾಡಿಸುತ್ತೇನೆ ಅಂದು ನೋಡಿ, ಅಲ್ಲಿಯವರೆಗೆ ಕಾಫಿ ತರಿಸಿದ್ದ ಮುಖ ಸಪ್ಪಗಾಗುತ್ತದೆ. ಡಿಸ್ಕೌಂಟ್ ಸಿಗಲ್ಲ, ಡೆಲಿವರಿ ಲೇಟು, ನಾಳೆ ಕ್ಲೇಮ್ ಕಷ್ಟ ಅಂತ ಶಾಪಗಳು ಒಂದೊಂದೇ ಬರುತ್ತವೆ. ಹೀಗೆ ಗಿರಾಕಿಗಳನ್ನು ಒತ್ತಾಯ ಮಾಡುವ ಹಾಗಿಲ್ಲ ಅಂತ ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐ 2017ರಲ್ಲೇ ಡೀಲರುಗಳಿಗೆ ನಿಯಮ ಮಾಡಿದೆ. ಆ ಕಾಗದ ಶೋರೂಮಿನ ಎಸಿ ಗಾಳಿಗೆ ಎಲ್ಲೋ ಹಾರಿಹೋಗಿರಬೇಕು.

2022ರ ಜನವರಿಯಲ್ಲಿ ತುಮಕೂರಿನ ರೈತರೊಬ್ಬರು ಪಿಕಪ್ ಕೊಳ್ಳಲು ಶೋರೂಮಿಗೆ ಹೋದಾಗ, ಬಟ್ಟೆ ನೋಡಿ ಜೇಬಲ್ಲಿ ಹತ್ತು ರೂಪಾಯಿ ಇದೆಯೋ ಇಲ್ಲವೋ ಅಂತ ಸೇಲ್ಸ್‌ನವರು ಹಂಗಿಸಿದ್ದು, ಅವರು ಸ್ವಲ್ಪ ಹೊತ್ತಿನಲ್ಲೇ 10 ಲಕ್ಷ ತಂದು ಟೇಬಲ್ ಮೇಲೆ ಇಟ್ಟಿದ್ದು, ಆಗ ಕೊಡೋದಕ್ಕೆ ಗಾಡಿಯೇ ಇಲ್ಲದೆ ಶೋರೂಮಿನವರು ಪೇಚಾಡಿದ್ದು ದೇಶಕ್ಕೇ ಗೊತ್ತು. ಈಗ ಆ ಭೇದಭಾವ ಕಡಿಮೆಯಾಗಿದೆ. ಪಂಚೆ ಉಟ್ಟವರಿಗೂ ಸೂಟು ಹಾಕಿದವರಿಗೂ ಒಂದೇ ಹ್ಯಾಂಡ್ಲಿಂಗ್ ಚಾರ್ಜ್.

ಡೆಲಿವರಿ ದಿನ ಮಾತ್ರ ಹಬ್ಬ. ಗಾಡಿಗೆ ಕೆಂಪು ಬಟ್ಟೆ ಹೊದಿಸಿ, ಕೇಕ್ ಕತ್ತರಿಸಿ, ಆಳುದ್ದದ ರಟ್ಟಿನ ಕೀ ಕೈಗಿಟ್ಟು ಫೋಟೋ ತೆಗೆಯುತ್ತಾರೆ. ಟೈರಿನ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆ ನಿಮ್ಮ ರಿಲೇಷನ್‌ಶಿಪ್ ಮ್ಯಾನೇಜರ್ ಫೋನ್ ಎತ್ತುವುದಿಲ್ಲ. ಎತ್ತಿದರೂ ಬೇರೆ ಯಾರೋ: "ಅವರು ಕೆಲಸ ಬಿಟ್ಟರು ಸರ್."

ಆಮೇಲೆ ಫ್ರೀ ಸರ್ವೀಸ್. ಫ್ರೀ ಅಂದರೆ ಕೂಲಿ ಮಾತ್ರ. ಆಯಿಲ್, ಫಿಲ್ಟರ್ ದುಡ್ಡು ನಮ್ಮದು. ಐದು ಸಾವಿರ ಕಿಲೋಮೀಟರ್ ಓಡಿದ ಗಾಡಿಗೆ ಇಂಜಿನ್ ಡಿಕಾರ್ಬನೈಸಿಂಗ್, ಅಂದರೆ ಒಳಗಿನ ಮಸಿ ತೆಗೆಯುವುದು, ಬೇಕಂತೆ, ಎಸಿಗೆ ಔಷಧಿ ಹೊಡೀಬೇಕಂತೆ, ಗಾಡಿಯ ತಳಕ್ಕೆ ಕೋಟಿಂಗ್ ಆಗಬೇಕಂತೆ. ನಾವು ಹೇಳಿದ ಒಂದೇ ಒಂದು ಕೆಲಸ, ಡ್ಯಾಶ್‌ಬೋರ್ಡಿನ ಕಿರಿಕಿರಿ ಸದ್ದು, ಅದನ್ನು ಮಾತ್ರ ಯಾರೂ ಮುಟ್ಟಿರುವುದಿಲ್ಲ. ಕೇಳಿದರೆ "ಟೆಸ್ಟ್ ಡ್ರೈವ್ ಮಾಡಿದ್ವಿ ಸರ್, ಬರಲಿಲ್ಲ." ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿದರೆ "ಈ ಮಾಡೆಲ್ಲೇ ಹಂಗೆ ಸರ್."

ಇಷ್ಟೆಲ್ಲ ಆದ ಮೇಲೆ ಸರ್ವೀಸ್ ಅಡ್ವೈಸರ್ ಹತ್ತಿರ ಬಂದು ದನಿ ಇಳಿಸುತ್ತಾನೆ. "ಕಂಪನಿಯಿಂದ ಫೋನ್ ಬರುತ್ತೆ, ಹತ್ತಕ್ಕೆ ಹತ್ತು ಕೊಟ್ಬಿಡಿ ಸರ್." ಎಂಟು ಸಾಲದಾ ಅಂದರೆ ಸಾಲದು. 2003ರಲ್ಲಿ ಫ್ರೆಡ್ ರೈಕ್‌ಹೆಲ್ಡ್ ಅನ್ನುವ ಅಮೆರಿಕದ ಸಲಹೆಗಾರರು ಗಿರಾಕಿಗಳಿಗೆ ಕಂಪನಿ ಎಷ್ಟು ಹಿಡಿಸಿದೆ ಅಂತ ಅಳೆಯಲು ನೆಟ್ ಪ್ರಮೋಟರ್ ಸ್ಕೋರ್ ಅಂತ ಒಂದು ಲೆಕ್ಕ ಮುಂದಿಟ್ಟರು. 9, 10 ಕೊಟ್ಟವರು ನಮ್ಮವರು, 7, 8 ಕೊಟ್ಟವರು ಲೆಕ್ಕಕ್ಕಿಲ್ಲ, 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರು ವಿರೋಧ ಪಕ್ಷ. ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದು ಬಂದರೆ ಸಿಹಿ ಹಂಚಿದ ಊರಿನವರಿಗೆ ಎಂಬತ್ತು ಪರ್ಸೆಂಟ್ ಯಾಕೆ ಫೇಲು ಅಂತ ಹೇಗೆ ಅರ್ಥವಾಗಬೇಕು?

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಪಾಪ, ಅವನ ಇನ್ಸೆಂಟಿವ್ ಆ ಹತ್ತಕ್ಕೇ ನೇತಾಡುತ್ತಿದೆ. ಹಾಗಾಗಿ ಗಾಡಿಗಿಂತ ನಮ್ಮನ್ನು ರಿಪೇರಿ ಮಾಡುವುದು ಅವನಿಗೆ ಸುಲಭ. ಕಂಪನಿಯ ಫೋನೂ ಹಾಗೇ: ಸಿಬ್ಬಂದಿ ನಮಸ್ಕಾರ ಹೇಳಿದರಾ, ಕುಡಿಯಲು ನೀರು ಕೊಟ್ಟರಾ, ಗಾಡಿ ತೊಳೆದಿದ್ದರಾ ಅಂತೆಲ್ಲ ಕೇಳುತ್ತಾರೆ. ಸದ್ದು ಹೋಯಿತಾ ಅಂತ ಕೇಳುವುದಿಲ್ಲ.

ಇದಕ್ಕೆ ನನ್ನದೊಂದು ಸಲಹೆ ಇದೆ. ಸುಮ್ನೆ ಗಾಡಿ ಎತ್ತಿ, ಬಾನೆಟ್ ತೆಗೆದು, ಆಯಿಲ್ ಇಳಿಸಿ ಸುಸ್ತಾಗುವುದು ಯಾಕೆ? ಗಾಡಿ ಮನೆಯಲ್ಲೇ ಇರಲಿ. ಹತ್ತು ಮಾರ್ಕ್ಸು ನಾವೇ ವಾಟ್ಸಾಪಿನಲ್ಲಿ ಕಳಿಸುತ್ತೇವೆ, ನೀವು ಬಿಲ್ ಕಳಿಸಿ. ಫೀಡ್‌ಬ್ಯಾಕ್ ಹ್ಯಾಂಡ್ಲಿಂಗ್ ಚಾರ್ಜ್, ಜಿಎಸ್‌ಟಿ 18 ಪರ್ಸೆಂಟ್ ಬೇರೆ.