ಅಪ್ಪನ ಕಾರಿಗೆ ಹತ್ತು ಸಾವಿರದ ಪ್ರಾಯಶ್ಚಿತ್ತ

ಅಪ್ಪ ಬಿಟ್ಟುಹೋದ 1996ರ ಮಾರುತಿ 800 ಕಾರಿಗೆ ಮನೆಯವರಾಗಲಿ, ನೆಂಟರಾಗಲಿ, ಹಳೆಯ ಕಾರು ಕೊಳ್ಳುವ ದಲ್ಲಾಳಿಗಳಾಗಲಿ ಕೊಡದಿದ್ದ ಬೆಲೆಯನ್ನು ಕೊಟ್ಟ ಕೀರ್ತಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಸಲ್ಲಬೇಕು. ಇದೇ ಕಾರಿನ ನೋಂದಣಿ ನವೀಕರಣಕ್ಕೆ 2021ರಲ್ಲಿ ಅಪ್ಪ 600 ರೂಪಾಯಿ ಕಟ್ಟಿ, ಅದೂ ದುಬಾರಿಯಾಯಿತೆಂದು ಗೊಣಗಿಕೊಂಡು ಮನೆಗೆ ಬಂದಿದ್ದರು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನ ಅಧಿಸೂಚನೆಯ ಪ್ರಕಾರ 20 ವರ್ಷ ದಾಟಿದ ಕಾರಿಗೆ ಈಗ 10,000. ಐದು ವರ್ಷಗಳಲ್ಲಿ ಹದಿನಾರು ಪಟ್ಟಿಗೂ ಮಿಕ್ಕಿ ಬೆಳೆದದ್ದು ನಮ್ಮ ಮನೆಯಲ್ಲಿ ಬೇರೇನೂ ಇಲ್ಲ. ಅಪ್ಪ ನಂಬಿಕೊಂಡಿದ್ದ ಮ್ಯೂಚುವಲ್ ಫಂಡು ಕೂಡ ಈ ವೇಗವನ್ನು ಕಂಡರೆ ನಾಚಿಕೊಳ್ಳಬೇಕು.

ದಿಲ್ಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕೆ ಈ ಹೊಸ ಶುಲ್ಕ ಅನ್ವಯಿಸುವುದಿಲ್ಲ. ಅವರ ಮೇಲೆ ಕರುಣೆ ತೋರಿದ್ದಾರೆಂದು ಯಾರೂ ಕರುಬಬೇಕಾಗಿಲ್ಲ. ಅಲ್ಲಿ ಹತ್ತು ವರ್ಷದ ಡೀಸೆಲ್ ಗಾಡಿಯೂ ಹದಿನೈದು ವರ್ಷದ ಪೆಟ್ರೋಲ್ ಗಾಡಿಯೂ ರಸ್ತೆಗಿಳಿಯುವಂತಿಲ್ಲವೆಂದು ಎಂದೋ ತೀರ್ಮಾನವಾಗಿರುವುದರಿಂದ ನವೀಕರಿಸುವ ಪ್ರಶ್ನೆಯೇ ಇಲ್ಲ. 2025ರ ಜುಲೈ 1ರಿಂದ ಪೆಟ್ರೋಲ್ ಬಂಕುಗಳಲ್ಲಿ ಕ್ಯಾಮೆರಾ ಇಟ್ಟು, ಮುದಿ ವಾಹನ ಕಂಡರೆ ಇಂಧನ ಹಾಕಬಾರದೆಂದು ಹೊರಟವರು, ಎರಡೇ ದಿನದಲ್ಲಿ ಕ್ಯಾಮೆರಾ ಸರಿಯಿಲ್ಲ, ವ್ಯವಸ್ಥೆ ಸಿದ್ಧವಾಗಿಲ್ಲ ಎಂದು ತಾವೇ ಪತ್ರ ಬರೆದದ್ದು ಎಲ್ಲರಿಗೂ ನೆನಪಿದೆ. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಯಸ್ಸಿನ ಕಾರಣಕ್ಕೆ ಬಲವಂತದ ಕ್ರಮ ಬೇಡವೆಂದಿತು, ಡಿಸೆಂಬರ್‌ನಲ್ಲಿ ಆ ರಕ್ಷಣೆ ಹೊಗೆಯ ಮಿತಿ ನಿಗದಿ ಮಾಡುವ ಭಾರತ್ ಸ್ಟೇಜ್ ಮಾನದಂಡದ ಬಿಎಸ್‌–4 ಮತ್ತು ಅದಕ್ಕಿಂತ ಹೊಸ ವಾಹನಗಳಿಗೆ ಮಾತ್ರವೆಂದು ತಿದ್ದಿತು. ಅಷ್ಟರೊಳಗೆ ಹೆದರಿಕೊಂಡ ಜನ ಲಕ್ಷಾಂತರ ರೂಪಾಯಿಯ ಗಾಡಿಗಳನ್ನು ಸಿಕ್ಕ ಬೆಲೆಗೆ ಹೊರರಾಜ್ಯದವರ ಕೈಗೆ ಕೊಟ್ಟು ಕೈತೊಳೆದುಕೊಂಡಿದ್ದರು. ಹೀಗೆ ದಿಲ್ಲಿಯಲ್ಲಿ ಬದುಕಬಾರದ ಕಾರು ಬೇರೆ ರಾಜ್ಯಕ್ಕೆ ಬಂದು ಸುಖವಾಗಿ ಹೊಗೆ ಬಿಡುತ್ತದೆ. ಗಾಳಿ ಶುದ್ಧವಾಗಬೇಕಾದದ್ದು ರಾಜಧಾನಿಯಲ್ಲಿ ಮಾತ್ರ. ಉಳಿದವರ ಶ್ವಾಸಕೋಶಗಳು ಹೇಗೋ ಹೊಂದಿಕೊಳ್ಳುತ್ತವೆ.

ನಮ್ಮ ಕಡೆ ಅಂಥ ಕ್ರೌರ್ಯವಿಲ್ಲ. ಇಲ್ಲಿ ಕಾರನ್ನು ಇಟ್ಟುಕೊಳ್ಳಬೇಡಿ ಎಂದು ಯಾರೂ ಹೇಳುವುದಿಲ್ಲ. ಇಟ್ಟುಕೊಳ್ಳುವ ಪ್ರೀತಿ ನಿಮಗೆ ಎಷ್ಟಿದೆ ಎಂದಷ್ಟೇ ಕೇಳುತ್ತಾರೆ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ, ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ. ನಮ್ಮ ಕಾರು 2026ರಲ್ಲಿ ಒಮ್ಮೆ, 2031ರಲ್ಲಿ, 2036ರಲ್ಲಿ, 2041ರಲ್ಲಿ ಒಮ್ಮೊಮ್ಮೆ ಹತ್ತು ಸಾವಿರ ಕಟ್ಟಿಸಿಕೊಂಡು, ದರ ಇನ್ನೊಮ್ಮೆ ಏರುವುದಿಲ್ಲವೆಂಬ ಮುಗ್ಧ ನಂಬಿಕೆಯಲ್ಲಿ ಲೆಕ್ಕ ಹಾಕಿದರೆ, ನಲವತ್ತು ಸಾವಿರವನ್ನು ನುಂಗಿ 2046ಕ್ಕೆ ಬಂದು ನಿಲ್ಲುತ್ತದೆ. ಆಗ ಅದಕ್ಕೆ 50 ತುಂಬುತ್ತದೆ. 50 ತುಂಬಿದ ಮರುಕ್ಷಣವೇ, 2021ರ ಜುಲೈನಲ್ಲಿ ಇದೇ ಸಚಿವಾಲಯ ಹೊರಡಿಸಿದ ನಿಯಮದಂತೆ, ಅದುವರೆಗೆ ಪರಿಸರದ ಶತ್ರುವಾಗಿದ್ದ ಅದೇ ಡಬ್ಬ ‘ವಿಂಟೇಜ್’ ಆಗಿ, ರಾಷ್ಟ್ರದ ಪರಂಪರೆಯಾಗಿ, ಸಂಖ್ಯಾಫಲಕದ ಮೇಲೆ ‘ವಿಎ’ ಎಂಬ ಬಿರುದನ್ನು ಧರಿಸಬಹುದು. ಬಿರುದಿಗೆ 20,000 ರೂಪಾಯಿ.

ಬಿರುದು ಸಿಕ್ಕ ಮೇಲಿನ ಬದುಕು ಇನ್ನೂ ಸೊಗಸು. ವಿಂಟೇಜ್ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ದುರಸ್ತಿಗೆ, ಇಂಧನ ತುಂಬಿಸಿಕೊಳ್ಳುವುದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಅಂದರೆ 2046ರಲ್ಲಿ ನಾನು ಈ ಕಾರಿನಲ್ಲಿ ಪೆಟ್ರೋಲ್ ಹಾಕಿಸಲು ಬಂಕಿಗೆ ಹೋಗಬಹುದು, ಆದರೆ ಬಂಕಿನ ಪಕ್ಕದ ಅಂಗಡಿಯಲ್ಲಿ ಸೊಪ್ಪು ಕೊಳ್ಳಲು ನಿಲ್ಲಿಸುವಂತಿಲ್ಲ. ಇನ್ನೊಂದು ಷರತ್ತಿದೆ: ಚಾಸಿಸ್, ಬಾಡಿ ಶೆಲ್, ಇಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಮಾಡಿಸಿದ್ದರೆ ಅದು ವಿಂಟೇಜ್ ಎನಿಸಿಕೊಳ್ಳುವುದಿಲ್ಲ. ಹಾಗಾಗಿ ಅರ್ಹತೆಯ ದೃಷ್ಟಿಯಿಂದ ನೋಡುವುದಾದರೆ, ಕಾರನ್ನು ಚೆನ್ನಾಗಿ ರಿಪೇರಿ ಮಾಡಿಸಿ ಇಟ್ಟುಕೊಳ್ಳುವವನಿಗಿಂತ ಇಪ್ಪತ್ತು ವರ್ಷ ಶೆಡ್ಡಿನಲ್ಲಿ ಮುಚ್ಚಿಟ್ಟವನೇ ಕ್ಷೇಮ. ಹದಿನೈದು ವರ್ಷದೊಳಗಿನ ಕಾರನ್ನು ಸರ್ಕಾರ ಪ್ರೀತಿಸುತ್ತದೆ, ಐವತ್ತು ದಾಟಿದ್ದನ್ನು ಗೌರವಿಸುತ್ತದೆ, ಮಧ್ಯದ ಮೂವತ್ತೈದು ವರ್ಷ ಅದು ಮಾಲೀಕನ ವೈಯಕ್ತಿಕ ಅಪರಾಧ.

ನಿಜ ಹೇಳಬೇಕೆಂದರೆ ಅಪ್ಪನ ಕಾರು ಪುಣ್ಯಾತ್ಮನಲ್ಲ. ಕಾರ್ಬ್ಯುರೇಟರಿನ ಇಂಜಿನ್ನು, ಹೊಗೆಯ ವಿಷವನ್ನು ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಇಲ್ಲ. ನಾಲ್ಕು ಮಹಾನಗರಗಳಲ್ಲಿ 1995ರಲ್ಲೇ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾಗಿದ್ದರೂ ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಕಿಲೋಮೀಟರಿಗೆ ಇದು ಬಿಡುವ ಹೊಗೆ ಈಗಿನ ಕಾರಿಗಿಂತ ಹೆಚ್ಚು ಎಂಬುದರಲ್ಲಿ ಸಂದೇಹವಿಲ್ಲ. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಹಿಂದೆ ನಿಂತು ನೋಡಿದವರಿಗೆ ಯಾವ ವರದಿಯೂ ಬೇಕಾಗಿಲ್ಲ. ಹಾಗಿದ್ದರೆ ಹೊಗೆಯನ್ನು ಅಳೆಯಿರಿ. ಅಳೆಯುವ ಯಂತ್ರ ಪ್ರತಿ ಎರಡನೆಯ ಬಂಕಿನಲ್ಲಿದೆ, ಆರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟ್ ಮಾಡಿಸುತ್ತೇವೆ, ಕೊಳವೆ ತೂರಿಸಿ, ಅಂಕಿ ಬರೆದು, ಸಂಖ್ಯಾಫಲಕದ ಚಿತ್ರ ಹಿಡಿದು, ‘ಪಾಸ್’ ಎಂದು ಕಾಗದ ಕೊಡುತ್ತಾರೆ. ಆ ಕಾಗದದಲ್ಲಿ ನಂಬಿಕೆಯಿದ್ದರೆ ಹತ್ತು ಸಾವಿರ ಏಕೆ? ನಂಬಿಕೆಯಿಲ್ಲದಿದ್ದರೆ ಅದನ್ನು ಕೊಡುವುದೇಕೆ? ಹೊಗೆ ಮಿತಿ ಮೀರಿದ್ದರೆ ಹತ್ತು ಸಾವಿರ ಕಟ್ಟಿದ ಮಾತ್ರಕ್ಕೆ ಅದು ಗಂಧದ ಧೂಪವಾಗುವುದಿಲ್ಲ, ಮಿತಿಯೊಳಗಿದ್ದರೆ ಹತ್ತು ಸಾವಿರ ಕೀಳುವುದಕ್ಕೆ ನ್ಯಾಯವಿಲ್ಲ. ಮಾಡಿದ ಪಾಪ ಎಂಥದೆಂದು ಕೇಳದೆ, ದಕ್ಷಿಣೆಯ ಮೊತ್ತವನ್ನು ಮಾತ್ರ ಸ್ಪಷ್ಟವಾಗಿ ಹೇಳುವ ಪುರೋಹಿತರ ಪ್ರಾಯಶ್ಚಿತ್ತ ವಿಧಿ ಇದು.

ನವೀಕರಣದ ತಪಾಸಣೆಯನ್ನು ನೋಡಿದವರಿಗೆ ಈ ಮಾತು ಹೆಚ್ಚು ವಿವರಿಸಬೇಕಾಗಿಲ್ಲ. ಕಾರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಬೇಕು, ಬಾನೆಟ್ ತೆರೆದಿಡಬೇಕು. ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆಯುವ ಹುಡುಗ ಅಲ್ಲೇ ಓಡಾಡಿಕೊಂಡಿರುತ್ತಾನೆ. ಅಧಿಕಾರಿಗಳು ಬಂದು ಸಂಖ್ಯೆ ತಾಳೆ ನೋಡಿ, ದೀಪ ಹಾಕಿಸಿ, ಹಾರ್ನ್ ಹೊಡೆಸಿ ಮುಂದಿನ ಕಾರಿಗೆ ಹೋಗುತ್ತಾರೆ. ಬ್ರೇಕು ಹಿಡಿಯುತ್ತದೆಯೇ ಎಂಬುದು ಮಾಲೀಕನಿಗೂ ಅವನ ಮುಂದೆ ಹೋಗುವ ಆಟೋದವನಿಗೂ ಬಿಟ್ಟ ವಿಚಾರ. ನಮ್ಮ ಕಾರಿನ ಚಾಲಕನ ಕಾಲಬಳಿಯ ಮ್ಯಾಟ್ ಎತ್ತಿದರೆ ತುಕ್ಕು ತಿಂದು ಆದ ಕಿಂಡಿಯ ಮೂಲಕ ರಾಜ್ಯದ ರಸ್ತೆಗಳ ಸ್ಥಿತಿಗತಿಯನ್ನು ಖುದ್ದಾಗಿ ಪರಿಶೀಲಿಸಬಹುದು. 2021ರ ತಪಾಸಣೆಯಲ್ಲಿ ಯಾರೂ ಮ್ಯಾಟ್ ಎತ್ತಲಿಲ್ಲ.

ಇನ್ನು ಕುಡಿಸುವ ಇಂಧನದ ವಿಷಯ. ಎಥೆನಾಲ್ ಸೋಂಕದ ಶುದ್ಧ ಪೆಟ್ರೋಲಿಗೆಂದು ತಯಾರಾದ ಇಂಜಿನ್ನಿಗೆ ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತದ್ದು. ಬೇಡವೆನ್ನುವವರಿಗೆ ಪಕ್ಕದಲ್ಲಿ ಇನ್ನೊಂದು ಪಂಪಿಲ್ಲ. ಹಳೆಯ ಕಾರುಗಳ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದು, ಅದೇನು ದೊಡ್ಡ ಖರ್ಚಲ್ಲ ಎಂದು ಪೆಟ್ರೋಲಿಯಂ ಸಚಿವಾಲಯ ಸಮಾಧಾನ ಹೇಳಿತು. ನಮ್ಮ ಮೆಕ್ಯಾನಿಕ್ ಕಾರ್ಬ್ಯುರೇಟರಿನಿಂದ ಬಿಚ್ಚಿದ ಪೈಪನ್ನು ನನ್ನ ಕೈಗಿಟ್ಟ. ಬೆರಳಿನಲ್ಲಿ ಒತ್ತಿದರೆ ಮೆತ್ತಗೆ ಉಬ್ಬಿಕೊಂಡು, ಮಡಚಿದ ಕಡೆ ಸಣ್ಣ ಬಿರುಕು ಬಿಟ್ಟು, ಕೈಗೆಲ್ಲ ಕಪ್ಪು ಹತ್ತಿತು. “ಇದು ಮೊದಲು ವರ್ಷಗಟ್ಟಲೆ ಬರ್ತಿತ್ತು ಸಾರ್, ಈಗ ನನಗೇ ಗ್ಯಾರಂಟಿ ಕೊಡೋಕೆ ಧೈರ್ಯ ಇಲ್ಲ” ಎಂದ. ಒಂದು ಸಚಿವಾಲಯ ಪೈಪನ್ನು ಕರಗಿಸುತ್ತದೆ, ಇನ್ನೊಂದು ಸಚಿವಾಲಯ ಪೈಪು ಹಳೆಯದಾಯಿತೆಂದು ಶುಲ್ಕ ಹಾಕುತ್ತದೆ. ಸಮನ್ವಯವಿಲ್ಲವೆಂದು ಆಡಳಿತವನ್ನು ದೂರುವವರು ಇದನ್ನು ಗಮನಿಸಬೇಕು.

ಶುಲ್ಕವಿಲ್ಲದೆ, ನವೀಕರಣವಿಲ್ಲದೆ, ಯಾರ ಕಾಟವೂ ಇಲ್ಲದೆ ಕಾರುಗಳು ನೆಮ್ಮದಿಯಾಗಿ ಮುದಿಯಾಗುವ ಒಂದೇ ಒಂದು ತಾಣ ನಾಡಿನಲ್ಲಿದೆ. ಅದು ಪೊಲೀಸ್ ಠಾಣೆಯ ಹಿತ್ತಲು. ಯಾವ ತಾಲ್ಲೂಕಿಗೆ ಹೋದರೂ ಠಾಣೆಯ ಕಾಂಪೌಂಡಿನೊಳಗೆ ಮುದ್ದೆಮಾಲಾಗಿ ಬಂದ ಕಾರು, ಬೈಕು, ಲಾರಿಗಳು ಚಕ್ರ ಮಣ್ಣಿನಲ್ಲಿ ಹೂತು, ಕಿಟಕಿಯಿಂದ ಬಳ್ಳಿ ಹೊರಬಂದು, ಸೀಟಿನಲ್ಲಿ ನಾಯಿ ಮರಿ ಹಾಕಿಕೊಂಡು ನಿಂತಿರುತ್ತವೆ. ಇವನ್ನು ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಹಾಕುವುದರಿಂದ ಯಾರಿಗೂ ಪ್ರಯೋಜನವಿಲ್ಲ, ಬೇಗ ವಿಲೇವಾರಿ ಮಾಡಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ, ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ಆ ತೀರ್ಪಿನ ನಂತರ ಹುಟ್ಟಿದ ಕಾರುಗಳೂ ಈಗ ಅಲ್ಲಿ ಬಳ್ಳಿ ಹಬ್ಬಿಸಿಕೊಂಡಿವೆ. ಅವುಗಳ ಬ್ಯಾಟರಿಯ ಆಮ್ಲ, ಇಂಜಿನ್ನಿನ ಎಣ್ಣೆ ನೆಲಕ್ಕಿಳಿಯುವುದನ್ನು ಯಾವ ಗುಜರಿ ನೀತಿಯೂ ಕಂಡಂತಿಲ್ಲ. ಅಪ್ಪನ ಕಾರಿಗೆ ದೀರ್ಘಾಯುಷ್ಯ ಬೇಕಿದ್ದರೆ ಅದರಲ್ಲಿ ಒಂದು ಸಣ್ಣ ಅಪರಾಧ ಮಾಡುವುದೇ ಅಗ್ಗದ ದಾರಿ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ರಿಪೇರಿಯ ಮಾತಿಗೆ ಮೊದಲು ಕಾರು ನನ್ನದಾಗಬೇಕಲ್ಲ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರ್ಮ್ 31 ತುಂಬಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಸೂತಕ, ವೈಕುಂಠ ಸಮಾರಾಧನೆ, ಮಾಸಿಕಗಳ ನಡುವೆ ಮರಣ ಪ್ರಮಾಣಪತ್ರ ತೆಗೆಸಿ, ನಾಡಕಚೇರಿಯಿಂದ ವಂಶವೃಕ್ಷ ತಂದು, ಅಮ್ಮನ ಮತ್ತು ತಂಗಿಯ ಒಪ್ಪಿಗೆಯ ಪ್ರಮಾಣಪತ್ರವನ್ನು ಛಾಪಾ ಕಾಗದದಲ್ಲಿ ಬರೆಸಿಕೊಳ್ಳಬೇಕು. ಇಷ್ಟಾದ ಮೇಲೆ ಸಾರಿಗೆ ಇಲಾಖೆಯ ಜಾಲತಾಣವು ನೋಂದಾಯಿತ ಮೊಬೈಲ್ ಸಂಖ್ಯೆಗೆ ಓಟಿಪಿ ಕಳಿಸಿತು. ನೋಂದಾಯಿತ ಸಂಖ್ಯೆ ಅಪ್ಪನದು. ಸತ್ತವರ ಮರಣ ಪ್ರಮಾಣಪತ್ರವನ್ನು ಅಪ್‌ಲೋಡ್ ಮಾಡಲು ಸತ್ತವರೇ ಆರು ಅಂಕಿಗಳನ್ನು ಓದಿ ಹೇಳಬೇಕೆಂಬ ವ್ಯವಸ್ಥೆಯಲ್ಲಿ ಒಂದು ಉನ್ನತ ಆಧ್ಯಾತ್ಮಿಕ ನಿಲುವಿದೆ. ಅಪ್ಪನ ಸಿಮ್ಮನ್ನು ಅಮ್ಮ ಇನ್ನೂ ರೀಚಾರ್ಜ್ ಮಾಡಿಸುತ್ತಿದ್ದುದರಿಂದ, ಆಗಾಗ ಅವರ ದನಿಯಿರುವ ಯಾವುದೋ ಹಳೆಯ ವಾಯ್ಸ್ ಮೆಸೇಜ್ ಕೇಳಿಸಿಕೊಳ್ಳುತ್ತಿದ್ದುದರಿಂದ, ನಮ್ಮ ಅರ್ಜಿ ಮುಂದೆ ಹೋಯಿತು. ಎಲ್ಲ ಮನೆಗಳಲ್ಲೂ ಹಾಗೆ ನಡೆಯುವುದಿಲ್ಲ. ಗಂಡನನ್ನು ಕಳೆದುಕೊಂಡ ವಯಸ್ಸಾದ ಹೆಂಗಸನ್ನು ಎರಡನೆಯ ತಿಂಗಳಲ್ಲಿ ಕಚೇರಿಯ ಮೆಟ್ಟಿಲಿನ ಮೇಲೆ ಕೂರಿಸಿ ದಲ್ಲಾಳಿಯ ಕೈಗೆ ದುಡ್ಡು ಕೊಡಿಸುವುದಕ್ಕೆ ಯಾವ ನಗೆಯ ಬಣ್ಣ ಬಳಿದರೂ ಹತ್ತುವುದಿಲ್ಲ. ಅದು ಅಸಹ್ಯ, ಅಷ್ಟೇ.

ಬಂಧುಗಳ ಸಲಹೆಗಳಿಗೆ ಮಾತ್ರ ಯಾವ ಶುಲ್ಕವೂ ಇಲ್ಲ. “ಗುಜರಿಗೆ ಹಾಕಿಬಿಡಿ, ಸರ್ಕಾರವೇ ಸರ್ಟಿಫಿಕೇಟ್ ಕೊಡುತ್ತೆ” ಎಂದು ತಂಗಿಯ ಗಂಡ ಹೇಳುತ್ತಾರೆ. ಕೊಡುವುದು ನಿಜ. ಗುಜರಿ ನೀತಿಯ ಪ್ರಕಾರ ಹಳೆಯ ಗಾಡಿಗೆ ಹೊಸ ಕಾರಿನ ಶೋರೂಂ ಬೆಲೆಯ ಸುಮಾರು ಶೇ 4ರಿಂದ 6ರಷ್ಟು ಮೌಲ್ಯ, ಆ ಸರ್ಟಿಫಿಕೇಟ್ ತೋರಿಸಿದರೆ ಹೊಸದರ ಬೆಲೆಯಲ್ಲಿ ಶೇ 5 ರಿಯಾಯಿತಿ ಕೊಡಿರೆಂದು ಕಂಪನಿಗಳಿಗೆ ಸಲಹೆ, ತೆರಿಗೆಯಲ್ಲೂ ಒಂದಿಷ್ಟು ವಿನಾಯಿತಿ. ಇದೆಲ್ಲದರ ಲಾಭ ಪಡೆಯಲು ನಾನು ಮಾಡಬೇಕಾದದ್ದು ಇಷ್ಟೇ: ಆರೇಳು ಲಕ್ಷ ಸಾಲ ಮಾಡಿ, ದೇಶದಲ್ಲೇ ದುಬಾರಿಯಾದ ವಾಹನ ತೆರಿಗೆಗಳಲ್ಲೊಂದನ್ನು ಕಟ್ಟಿ, ವಾರಕ್ಕೆರಡು ಸಲ ಅಮ್ಮನನ್ನು ಆಸ್ಪತ್ರೆಗೂ ದೇವಸ್ಥಾನಕ್ಕೂ ಕರೆದೊಯ್ಯಲು ಒಂದು ಟನ್ ಹೊಸ ಉಕ್ಕನ್ನು ಮನೆ ಮುಂದೆ ನಿಲ್ಲಿಸುವುದು. ಆ ಉಕ್ಕು, ಗಾಜು, ಪ್ಲಾಸ್ಟಿಕ್ಕುಗಳೆಲ್ಲ ತಯಾರಾಗುವಾಗ ಎಲ್ಲೋ ಒಂದು ಚಿಮಣಿಯಿಂದ ಹೊಗೆ ಹೊರಟಿರುತ್ತದೆ. ಆ ಚಿಮಣಿ ನಮ್ಮ ಬೀದಿಯಲ್ಲಿಲ್ಲವಾದ್ದರಿಂದ ಅದು ಹಸಿರು.

ಮೆಕ್ಯಾನಿಕ್‌ನ ಪಟ್ಟಿ ಇದಕ್ಕಿಂತ ಪ್ರಾಮಾಣಿಕವಾಗಿತ್ತು. ಇಂಜಿನ್ನಿಗೆ ಏನೂ ಆಗಿಲ್ಲ, ಬಾಡಿ ಹೋಗಿದೆ. ಫ್ಲೋರ್ ಕತ್ತರಿಸಿ ಹೊಸ ತಗಡು ಹಾಕಿ ಟಿಂಕರಿಂಗ್ ಮಾಡಬೇಕು, ಕ್ಲಚ್ ಪ್ಲೇಟ್, ಬ್ರೇಕ್ ಸಿಲಿಂಡರ್, ಇಂಧನದ ಪೈಪುಗಳು ಬದಲಾಗಬೇಕು, ಸೈಲೆನ್ಸರ್ ಇನ್ನೊಂದು ವರ್ಷ ನಡೆಯುತ್ತದೆ. ಈ ಮಾಡೆಲ್ಲಿನ ತಯಾರಿಕೆ 2014ರ ಜನವರಿಯಲ್ಲೇ ನಿಂತಿದ್ದರೂ ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯಲ್ಲಿ ಕೊರತೆಯಿಲ್ಲ, ಅಲ್ಲಿ ಸಿಗದದ್ದು ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತದೆ. ಒಟ್ಟು ಖರ್ಚು ಕಾರಿನ ಮಾರಾಟದ ಬೆಲೆಯನ್ನು ದಾಟುತ್ತದೆಂದು ಅವನೇ ಎಚ್ಚರಿಸಿದ. ಆದರೆ ನವೀಕರಣ ಶುಲ್ಕವೊಂದೇ ಆ ಬೆಲೆಯ ಮೂರನೆಯ ಒಂದು ಭಾಗಕ್ಕೆ ಬರುವಾಗ ಲೆಕ್ಕ ಹಾಕುವ ಚಟವನ್ನೇ ಬಿಡುವುದು ಒಳ್ಳೆಯದು. ಗಾಡಿಯನ್ನು ಟಿಂಕರಿಂಗ್‌ಗೆ ಬಿಟ್ಟಿದ್ದೇನೆ, ಫ್ಲೋರ್ ಬೆಸುಗೆ ಮುಗಿದ ಮೇಲೆ ತಪಾಸಣೆಗೆ ಒಯ್ಯಬೇಕು.

ಸುದ್ದಿ ತಿಳಿದು ಊರಿನಿಂದ ಚಿಕ್ಕಪ್ಪನ ಫೋನು ಬಂತು. ಅಣ್ಣನ ಕಾರನ್ನು ಮಾರಬಾರದೆಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದವರು, ಖರ್ಚಿನಲ್ಲಿ ತಮ್ಮದೂ ಒಂದು ಪಾಲಿರಲಿ ಎನ್ನುತ್ತಾರೇನೋ ಎಂದು ಕಾದೆ. “ಏನೇ ಮಾಡ್ಸು, ಬಣ್ಣ ಮಾತ್ರ ಬದಲಾಯಿಸಬೇಡ ಕಣೋ” ಎಂದರು. ಬದಲಾಯಿಸುವ ಆಸೆ ನನಗೂ ಇಲ್ಲ. ಆರ್‌ಸಿಯಲ್ಲಿ ಬಿಳಿ ಎಂದಿದೆ, ಅದನ್ನು ತಿದ್ದಿಸುವುದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ, ಇನ್ನೊಂದು ಓಟಿಪಿ.